ಪ್ರವಾದಿಗಳು ಹಳೆಯ ಮಾತನ್ನೇ ಯಾಕೆ ಮತ್ತೆ ಎತ್ತುತ್ತಾರೆ?

ಪ್ರಶ್ನೆ: ಪ್ರವಾದಿ ಅಂದರೆ ಮುಂದೆ ಆಗುವುದನ್ನು ಹೇಳುವವರು ಅಲ್ವಾ? ಆದರೆ ಬೈಬಲಿನಲ್ಲಿ ಯೆಶಾಯ, ಯೆರೆಮೀಯ ಅನ್ನುವ ಪ್ರವಾದಿಗಳ ಪುಸ್ತಕಗಳನ್ನು ಓದುತ್ತಾ ಹೋದರೆ ಹಿಂದಿನ ವಿಷಯವೇ ಜಾಸ್ತಿ ಸಿಗುತ್ತದೆ. ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮ, ಅವರು ಗುಲಾಮರಾಗಿದ್ದ ಐಗುಪ್ತ (ಈಜಿಪ್ಟ್), ಅವರ ಅರಸ ದಾವೀದ. ಯಾಕೆ ಹೀಗೆ?

ಉತ್ತರ: ಅವರು ಮುಂದಿನದನ್ನು ಹೇಳುವುದೇ ಹಿಂದೆ ಕೊಟ್ಟ ಮಾತನ್ನು ಹಿಡಿದುಕೊಂಡು. ದೇವರು ಅಬ್ರಹಾಮನಿಗೆ ಸಂತಾನ ಮತ್ತು ನಾಡನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದರು, ಸೀನಾಯಿ ಬೆಟ್ಟದಲ್ಲಿ ಇಸ್ರಾಯೇಲ್ಯರ ಜೊತೆ ಒಡಂಬಡಿಕೆ ಮಾಡಿಕೊಂಡಿದ್ದರು, ದಾವೀದನ ಮನೆತನಕ್ಕೆ ಸಿಂಹಾಸನದ ವಾಗ್ದಾನ ಮಾಡಿದ್ದರು. ಜನ ಇದನ್ನೆಲ್ಲ ಮರೆತಾಗ ಪ್ರವಾದಿ ಬಂದು ಹಳೆಯ ಪತ್ರ ತೆಗೆದು ಮುಂದಿಡುತ್ತಾನೆ.

ನನ್ನನ್ನು ತುಂಬಾ ಅಲುಗಾಡಿಸುವುದು ಯೆರೆಮೀಯ 34ನೇ ಅಧ್ಯಾಯ. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಅರಸ ಚಿದ್ಕೀಯ ಮತ್ತು ಜನ ಹೆದರಿ, ಇಬ್ರಿಯ, ಅಂದರೆ ತಮ್ಮದೇ ಜನಾಂಗದ, ಗುಲಾಮರನ್ನೆಲ್ಲ ಬಿಡುಗಡೆ ಮಾಡುತ್ತೇವೆ ಅಂತ ಒಡಂಬಡಿಕೆ ಮಾಡುತ್ತಾರೆ, ಮಾತು ಮುರಿದರೆ ನಮಗೂ ಇದೇ ಗತಿ ಅನ್ನುವ ಹಾಗೆ ಒಂದು ಕರುವನ್ನು ಎರಡು ಹೋಳು ಮಾಡಿ ನಡುವೆ ಹಾದು ಹೋಗುತ್ತಾರೆ. ಆಮೇಲೆ ಬಿಟ್ಟವರನ್ನೇ ಹಿಡಿದು ತಂದು ಮತ್ತೆ ದುಡಿಸಿಕೊಳ್ಳುತ್ತಾರೆ! ಆಗ ಯೆರೆಮೀಯನ ಮೂಲಕ ಬಂದ ಮಾತು: ನೀವು ಹೋಳು ಮಾಡಿದ ಆ ಕರುವಿನ ಗತಿಯೇ ನಿಮಗೂ ಬರುತ್ತದೆ, ನಿಮ್ಮ ಹೆಣಗಳು ಹಕ್ಕಿಗಳಿಗೆ ಆಹಾರವಾಗುತ್ತವೆ.

ಈಗ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯ ತೆಗೆದು ನೋಡಿ, ದೇವರು ಅಬ್ರಹಾಮನಿಗೆ ಮಾತು ಕೊಡುವ ಜಾಗ. ಅಲ್ಲೂ ಹೋಳು ಮಾಡಿದ ಪ್ರಾಣಿಗಳಿವೆ. ಅಲ್ಲೂ ಹಕ್ಕಿಗಳು ಎರಗುತ್ತವೆ, ಆದರೆ ಅಬ್ರಾಮ (ಅಬ್ರಹಾಮನ ಮೊದಲ ಹೆಸರು) ಅವನ್ನು ಓಡಿಸುತ್ತಾನೆ. ಆಮೇಲೆ ಅವನಿಗೆ ಗಾಢ ನಿದ್ರೆ ಬರುತ್ತದೆ, ಹೋಳುಗಳ ನಡುವೆ ದೇವರ ಗುರುತಾಗಿ ಹೊಗೆಯಾಡುವ ಒಲೆ ಮತ್ತು ಉರಿಯುವ ದೀವಟಿಗೆ ಮಾತ್ರ ಹಾದು ಹೋಗುತ್ತವೆ. ಅಂದರೆ ಅಲ್ಲಿ ಹೊಣೆ ಹೊತ್ತುಕೊಂಡದ್ದು ದೇವರೊಬ್ಬರೇ. ಚಿದ್ಕೀಯನ ಕಾಲದಲ್ಲಿ ನಡುವೆ ಹಾದವರು ಜನ, ಮುರಿದವರೂ ಅವರೇ. ಎರಡನ್ನೂ ಒಟ್ಟಿಗೆ ಓದಿದರೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಹಾಗಾದರೆ ಹಳೆಯ ವಾಗ್ದಾನ ನೆನಪಿಸುವುದು ಬೈಯುವುದಕ್ಕೋ, ಸಮಾಧಾನ ಹೇಳುವುದಕ್ಕೋ?

ಉತ್ತರ: ಎರಡಕ್ಕೂ, ಮತ್ತು ಕೇಳುವವರು ಯಾರು ಅನ್ನುವುದು ಇಲ್ಲಿ ಮುಖ್ಯ. ಅಬ್ರಹಾಮನ ಹೆಸರನ್ನೇ ತೆಗೆದುಕೊಳ್ಳಿ. ಯೆರೂಸಲೇಮ್ ಕ್ರಿ.ಪೂ. 586ರ ಹೊತ್ತಿಗೆ ಬಿದ್ದ ಮೇಲೆ ನಾಡಲ್ಲಿ ಉಳಿದಿದ್ದವರು, 'ಅಬ್ರಹಾಮ ಒಬ್ಬನೇ ಇದ್ದ, ಅವನಿಗೇ ನಾಡು ಸಿಕ್ಕಿತು, ನಾವು ಇಷ್ಟು ಜನ ಇದ್ದೀವಿ' ಅಂತ ಹೇಳಿಕೊಳ್ಳುತ್ತಿದ್ದರು. ಪ್ರವಾದಿ ಯೆಹೆಜ್ಕೇಲ ಇದನ್ನು ಒಪ್ಪುವುದಿಲ್ಲ: ರಕ್ತ ಸುರಿಸುತ್ತೀರಿ, ವಿಗ್ರಹಗಳಿಗೆ ಕಣ್ಣೆತ್ತುತ್ತೀರಿ, ನಾಡು ನಿಮಗೆ ಹೇಗೆ ಸಿಗುತ್ತದೆ? ಇದು ಅವನ ಪುಸ್ತಕದ 33ನೇ ಅಧ್ಯಾಯ. ಆದರೆ ಯೆಶಾಯ 51ರಲ್ಲಿ ಕುಗ್ಗಿಹೋದ ಜನರಿಗೆ ಅದೇ ಮಾತು ಧೈರ್ಯವಾಗುತ್ತದೆ: ನಿಮ್ಮ ತಂದೆ ಅಬ್ರಹಾಮನನ್ನು, ನಿಮ್ಮನ್ನು ಹೆತ್ತ ಸಾರಳನ್ನು ನೋಡಿ, ನಾನು ಕರೆದಾಗ ಅವನು ಒಬ್ಬನೇ ಇದ್ದ. ವಾಗ್ದಾನ ಒಂದೇ, ಸೊಕ್ಕಿನವರಿಗೆ ಬೀಗ, ಸೋತವರಿಗೆ ಬಾಗಿಲು.

ಪ್ರವಾದಿ ಹೋಶೇಯ ಅಂತೂ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾನೆ. ಮಗನಿಗೆ 'ನನ್ನ ಜನರಲ್ಲ' ಅನ್ನುವ ಅರ್ಥದ ಹೆಸರಿಡುತ್ತಾನೆ, ಐಗುಪ್ತದಿಂದ ಬಿಡಿಸುವಾಗ ದೇವರು 'ನಿಮ್ಮನ್ನು ನನ್ನ ಜನರನ್ನಾಗಿ ಮಾಡಿಕೊಳ್ಳುತ್ತೇನೆ' ಎಂದಿದ್ದ ಮಾತನ್ನೇ ತಿರುಗಿಸಿದ ಹಾಗೆ. ಆದರೆ ಮುಂದಿನ ವಚನದಲ್ಲೇ ಇಸ್ರಾಯೇಲ್ಯರು ಸಮುದ್ರದ ಮರಳಿನಷ್ಟಾಗುತ್ತಾರೆ ಅಂತ ಬರುತ್ತದೆ. ಅದು ಅಬ್ರಹಾಮನಿಗೆ ಕೊಟ್ಟ ಮಾತೇ.

ಪ್ರಶ್ನೆ: ಎಲ್ಲ ಪ್ರವಾದಿಗಳೂ ಹೀಗೇನಾ?

ಉತ್ತರ: ಒಬ್ಬೊಬ್ಬರದು ಒಂದೊಂದು ರೀತಿ. ಇಸ್ರಾಯೇಲ್ಯರ ಶತ್ರುಗಳಾದ ಅಶ್ಶೂರ್ಯರ ನಗರ ನಿನೆವೆಯ ವಿಷಯಕ್ಕೆ ಬಂದ ಪ್ರವಾದಿಗಳಾದ ಯೋನ ಮತ್ತು ನಹೂಮರನ್ನು ನೋಡಿ. ಇಸ್ರಾಯೇಲ್ಯರು ಚಿನ್ನದ ಬಸವನನ್ನು ಮಾಡಿ ಪೂಜಿಸಿದ ಪಾಪದ ನಂತರ ಒಡಂಬಡಿಕೆ ಹೊಸದಾದಾಗ, ವಿಮೋಚನಕಾಂಡ 34ರಲ್ಲಿ, ದೇವರು ತಮ್ಮನ್ನು ಕನಿಕರವುಳ್ಳವರು, ದೀರ್ಘಶಾಂತರು, ಆದರೂ ಅಪರಾಧಿಯನ್ನು ಸುಮ್ನೆ ಬಿಡದವರು ಎಂದು ಹೇಳಿಕೊಂಡಿದ್ದರು. ಯೋನ ಅದರಲ್ಲಿ ಕನಿಕರದ ಭಾಗವನ್ನೇ ಹಿಡಿದು ದೂರುತ್ತಾನೆ, ನೀನು ಇಂಥವನು ಅಂತ ಗೊತ್ತಿದ್ದಕ್ಕೇ ನಿನೆವೆಗೆ ಹೋಗು ಅಂದಾಗ ನಾನು ಓಡಿಹೋದದ್ದು ಅಂತ. ನಹೂಮ ದೀರ್ಘಶಾಂತಿಯನ್ನು ಹೇಳಿ, ಅಪರಾಧಿಯನ್ನು ಬಿಡುವುದಿಲ್ಲ ಅನ್ನುವ ಕಡೆಗೆ ತಿರುಗುತ್ತಾನೆ. ಯೋನನ ಕಥೆಯಲ್ಲಿ ನಿನೆವೆ ಉಳಿಯುತ್ತದೆ, ನಹೂಮನಲ್ಲಿ ಬೀಳುತ್ತದೆ.