ಹಳೇ ಮಾರುತಿ 800ರ ಸೆಲ್ಫ್ ಮೋಟಾರ್ ಮನೆಯಲ್ಲೇ ಬದಲಿಸಬಹುದಾ?

ನಿಮ್ಮದು 2003ರ ಮಾರುತಿ 800. ಬ್ಯಾಟರಿ ಹೊಸದು. ಆದರೂ ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು, ಎಂಜಿನ್ ತಿರುಗುವುದಿಲ್ಲ. ಹೊಸ ಸೆಲ್ಫ್ ಮೋಟಾರ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ತಂದು ನೀವೇ ಹಾಕಬಹುದಾ ಅಂತ ಕೇಳಿದ್ದೀರಿ, ಅಲ್ವಾ?

ಖಂಡಿತ ಹಾಕಬಹುದು. ಸ್ಪ್ಯಾನರ್ ಹಿಡಿದು ರೂಢಿ ಇದ್ದರೆ ಒಂದು ಭಾನುವಾರ ಬೆಳಗ್ಗೆ ಮುಗಿಯುವ ಕೆಲಸ. ನನ್ನ 800ಕ್ಕೂ ತಮ್ಮನ ಓಮ್ನಿಗೂ ಮನೆ ಮುಂದೆಯೇ ಮಾಡಿದ್ದೇನೆ. ಆದರೆ ಹೊಸ ಮೋಟಾರ್‌ಗೆ ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಸೆಲ್ಫ್ ಹೋಗಿದೆ ಅಂತ ಬಿಚ್ಚಿಸಿದ ಎಷ್ಟೋ ಹಳೇ ಗಾಡಿಗಳಲ್ಲಿ ಮೋಟಾರ್ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಕರೆಂಟ್ ಹೋಗಿಬರುವ ದಾರಿ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಳಗಿನ ಲೈಟ್ ಹಾಕಿಕೊಂಡು ಕೀ ತಿರುಗಿಸಿ. ‘ಟಕ್’ ಅಂದಾಗ ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿಯಲ್ಲೋ ಅದರ ಟರ್ಮಿನಲ್‌ನಲ್ಲೋ ತೊಂದರೆ, ಇಲ್ಲವೇ ಮೋಟಾರ್ ಜಾಮ್ ಆಗಿದೆ. ಲೈಟ್ ಹಾಗೇ ಬೆಳಗುತ್ತಿದ್ದರೆ ಕರೆಂಟ್ ಮೋಟಾರ್‌ನೊಳಗೆ ಹೋಗುತ್ತಲೇ ಇಲ್ಲ ಅಂತ ಅರ್ಥ. ಸೊಲೆನಾಯ್ಡ್ (ಕೀ ತಿರುಗಿಸಿದಾಗ ಮೋಟಾರ್‌ಗೆ ಕರೆಂಟ್ ಬಿಡುವ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರ್ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು ಸವೆದಿರಬಹುದು, ಕೇಬಲ್ ಸಡಿಲವಾಗಿರಬಹುದು. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ‘ಹೊಸ’ ಬ್ಯಾಟರಿಯನ್ನೂ ಅನುಮಾನಿಸಿ.

ಎಲ್ಲಕ್ಕಿಂತ ಮುಖ್ಯ ಅರ್ಥ್ ಪರೀಕ್ಷೆ, ಅಂದರೆ ಕರೆಂಟ್ ಎಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುವ ದಾರಿಯ ಪರೀಕ್ಷೆ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಒಂದು ಜಂಪರ್ ಕೇಬಲ್‌ನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಎಂಜಿನ್‌ನ ಯಾವುದಾದರೂ ಬರಿ ಲೋಹದ ಜಾಗಕ್ಕೆ ಕಚ್ಚಿಸಿ. ಈಗ ಕೀ ತಿರುಗಿಸಿದಾಗ ಎಂಜಿನ್ ಠೀವಿಯಿಂದ ತಿರುಗಿತಾ? ಹಾಗಾದರೆ ಮೋಟಾರ್ ಮುಟ್ಟಲೇಬೇಡಿ. ಅರ್ಥ್ ಕೇಬಲ್ ಬಿಚ್ಚಿ, ಎರಡೂ ತುದಿ ಉಜ್ಜಿ ಹಾಕಿ, ಇಲ್ಲವೇ ಹೊಸದು ಹಾಕಿ. ಸೆಲ್ಫ್ ಮೋಟಾರ್ ನೂರು ಆಂಪಿಯರ್‌ಗೂ ಮಿಕ್ಕಿ ಎಳೆಯುವ ವಸ್ತು. ಹಸಿರು ಪಾಚಿ ಕಟ್ಟಿದ ಕೇಬಲ್ ಲೈಟ್, ಹಾರನ್‌ಗೆ ಸಾಕಾಗುತ್ತದೆ, ಇದಕ್ಕೆ ಸಾಕಾಗುವುದಿಲ್ಲ.

ಇಷ್ಟಾದರೂ ‘ಟಕ್’ ಅಷ್ಟೇ ಅಂದರೆ ಬಿಚ್ಚೋಣ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇದರಲ್ಲಿ ರಾಜಿ ಬೇಡ. ಮೋಟಾರ್‌ಗೆ ಬರುವ ದಪ್ಪ ಕೇಬಲ್‌ಗೆ ಮಧ್ಯದಲ್ಲಿ ಫ್ಯೂಸ್ ಇರುವುದಿಲ್ಲ, ಅದು ನೇರ ಬ್ಯಾಟರಿಯಿಂದ ಬಂದದ್ದು. ನೆಗೆಟಿವ್ ತೆಗೆಯದೆ ಕೈ ಹಾಕಿ, ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಗುಲಿದರೆ ಕಿಡಿ ಅಲ್ಲ, ಸ್ಪ್ಯಾನರೇ ಕೆಂಪಗಾಗುತ್ತದೆ. ಕೈಯಲ್ಲಿ ಉಂಗುರ, ಲೋಹದ ವಾಚ್ ಇದ್ದರೆ ತೆಗೆದಿಡಿ. ಮೇಲಿನಿಂದ ಕೈ ಎಟುಕದೆ ಗಾಡಿ ಎತ್ತಬೇಕಾದರೆ ಸ್ಟ್ಯಾಂಡ್ ಕೊಡಿ, ಬರೀ ಜಾಕಿ ನಂಬಿ ಕೆಳಗೆ ನುಸುಳಬೇಡಿ.

ಮೋಟಾರ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. ದಪ್ಪ ಕೇಬಲ್ ಹಿಡಿದು ಹೋದರೆ ತಾನಾಗೇ ಸಿಗುತ್ತದೆ. ಅದರ ಮೇಲೆ ಕೂತಿರುವ ಚಿಕ್ಕ ಡಬ್ಬಿ ಸೊಲೆನಾಯ್ಡ್. ರಬ್ಬರ್ ಮುಚ್ಚಳ ಸರಿಸಿದರೆ ದಪ್ಪ ಕೇಬಲ್‌ನ ನಟ್, ಪಕ್ಕದಲ್ಲಿ ಚಿಕ್ಕ ವೈರ್ ಕಾಣುತ್ತದೆ. ಚಿಕ್ಕದನ್ನು ಎಳೆದು ತೆಗೆಯಬಹುದು. ದಪ್ಪದ್ದರ ನಟ್ ಮಾತ್ರ ನಿಧಾನ. ಅದು ಕೂತಿರುವುದು ತಾಮ್ರದ ಬೋಲ್ಟ್ ಮೇಲೆ, ಬೋಲ್ಟ್ ಕೂತಿರುವುದು ಪ್ಲಾಸ್ಟಿಕ್ ಮುಚ್ಚಳದಲ್ಲಿ. ತುಕ್ಕು ಹಿಡಿದದ್ದನ್ನು ಜೋರಾಗಿ ತಿರುಗಿಸಿದರೆ ನಟ್ ಜೊತೆ ಬೋಲ್ಟೂ ತಿರುಗಿ ಮುಚ್ಚಳ ಬಿರುಕು ಬಿಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಫಿ ಕುಡಿದು ಬನ್ನಿ. ಆಮೇಲೆ ಮೋಟಾರ್ ಹಿಡಿದಿರುವ ಬೋಲ್ಟ್‌ಗಳು. ಇವಕ್ಕೆ ರಿಂಗ್ ಸ್ಪ್ಯಾನರ್ ಇಲ್ಲವೇ ಸಾಕೆಟ್ಟೇ ಬೇಕು. ಬಾಯಿ ತೆರೆದ ಡಿ ಸ್ಪ್ಯಾನರ್ ಹಾಕಿದರೆ ತಲೆ ಉರುಟಾಗುತ್ತದೆ. ಕೊನೇ ಬೋಲ್ಟ್ ಬಿಚ್ಚುವಾಗ ಒಂದು ಕೈ ಮೋಟಾರ್ ಕೆಳಗಿರಲಿ. ನೋಡಲು ಚಿಕ್ಕದು, ತೂಕ ಜಾಸ್ತಿ.

ಇನ್ನು ಹೊಸದಾ, ಹಳೇದನ್ನೇ ರಿಪೇರಿಯಾ? ನನ್ನ ಕೇಳಿದರೆ ರಿಪೇರಿ. ‘ಸೆಲ್ಫ್, ಡೈನಮೋ’ ಅಂತ ಬೋರ್ಡ್ ಹಾಕಿರುವ ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಎಲ್ಲ ಊರಲ್ಲೂ ಇದೆ. ಕಾರ್ಬನ್, ಬುಷ್ (ಶಾಫ್ಟ್ ಕೂರುವ ಲೋಹದ ಬಳೆ), ಬೇಕಿದ್ದರೆ ಸೊಲೆನಾಯ್ಡ್ ಹಾಕಿಸಿ. ಆರ್ಮೇಚರ್ (ಮೋಟಾರ್ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟಿಲ್ಲದಿದ್ದರೆ ಕಂಪನಿ ಮೋಟಾರ್ ಇನ್ನೂ ಎಷ್ಟೋ ವರ್ಷ ಬರುತ್ತದೆ. ಹೆಸರಿಲ್ಲದ ಅಗ್ಗದ ‘ಹೊಸ’ ಮೋಟಾರ್‌ಗಿಂತ ಅದು ವಾಸಿ. 800ರ ತಯಾರಿಕೆ 2014ರಲ್ಲೇ ನಿಂತರೂ ಸ್ಪೇರ್‌ಗೆ ಬರವಿಲ್ಲ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದ್ದೇ ಇದೆ. ಬೇರೆ ಮೋಟಾರ್ ತರುವುದೇ ಆದರೆ ಹಳೇದನ್ನು ಜೊತೆಗೆ ಒಯ್ದು, ಪಿನಿಯನ್ (ಮೋಟಾರ್ ತುದಿಯ ಚಿಕ್ಕ ಹಲ್ಲಿನ ಚಕ್ರ) ಹಲ್ಲು ಎಣಿಸಿ ತನ್ನಿ.

ಹಾಕುವ ಮೊದಲು ನೆಲದ ಮೇಲೇ ಓಡಿಸಿ ನೋಡಿ. ಮೋಟಾರ್‌ನ ಲೋಹದ ಮೈಗೆ ನೆಗೆಟಿವ್, ದಪ್ಪ ಟರ್ಮಿನಲ್‌ಗೆ ಪಾಸಿಟಿವ್ ಕೊಟ್ಟು, ಅದೇ ಪಾಸಿಟಿವ್‌ನಿಂದ ಒಂದು ವೈರ್ ತಂದು ಚಿಕ್ಕ ಟರ್ಮಿನಲ್‌ಗೆ ಮುಟ್ಟಿಸಿ. ಪಿನಿಯನ್ ಛಂಗನೆ ಮುಂದೆ ಹಾರಿ ತಿರುಗಬೇಕು. ಮೋಟಾರ್ ಕೈಯಿಂದ ಒದ್ದುಕೊಂಡು ಹೋಗುತ್ತದೆ, ವೈಸ್‌ನಲ್ಲಿ ಕಚ್ಚಿಸಿರಿ. ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಬೇಡ.

ಜೋಡಿಸುವಾಗ ಮೋಟಾರ್ ಕೂರುವ ಮುಖ ಎರಡೂ ಕಡೆ ಉಜ್ಜಿ ಹೊಳಪು ಬರಿಸಿ. ಅರ್ಥ್ ಸಿಗುವುದೇ ಅಲ್ಲಿಂದ. ಮೋಟಾರ್‌ಗೆ ಪೇಂಟ್ ಬಳಿದು ಚೆಂದ ಮಾಡುವವರಿದ್ದಾರೆ, ಆ ಜಾಗಕ್ಕೆ ಮಾತ್ರ ಬಳಿಯಬೇಡಿ. ಬ್ಯಾಟರಿ ನೆಗೆಟಿವ್ ಕಟ್ಟಕಡೆಗೆ.

ಇಷ್ಟೆಲ್ಲ ಆದ ಮೇಲೂ ಸೆಲ್ಫ್ ಹೊಡೆದಾಗ ಕರಕರ ಸದ್ದು ಬಂದರೆ ನಿಲ್ಲಿಸಿಬಿಡಿ. ಮೋಟಾರ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಬಿಟ್ಟು ಪಿನಿಯನ್ ಕಚ್ಚಿ ತಿರುಗಿಸುವ ಫ್ಲೈವೀಲ್ ರಿಂಗ್‌ನ ಹಲ್ಲು ನೋಡಿ. ಟಾಪ್ ಗೇರ್‌ಗೆ ಹಾಕಿ ಗಾಡಿಯನ್ನು ಒಂಚೂರು ಒಂಚೂರೇ ತಳ್ಳುತ್ತಾ ಹೋದರೆ ಸುತ್ತಲೂ ಕಾಣುತ್ತದೆ. ಹಲ್ಲು ಸವೆದಿದ್ದರೆ ಅದು ಗೇರ್‌ಬಾಕ್ಸ್ ಇಳಿಸುವ ಕೆಲಸ. ಮನೆ ಮುಂದೆ ಬೇಡ, ಗ್ಯಾರೇಜ್‌ಗೆ ಕೊಡಿ. ಹೇಗೂ ಇಳಿಸುತ್ತಾರಲ್ಲ, ಕ್ಲಚ್ ಪ್ಲೇಟನ್ನೂ ಆಗಲೇ ನೋಡಿಸಿಬಿಡಿ.