ಅಪ್ರಾಪ್ತ ಮಕ್ಕಳ ಪಾಲು, ಪಾಲನೆ, ಪ್ರಮಾಣಪತ್ರ: ಓದುಗರ ಕಾನೂನು ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 18 ತುಂಬದ ಮಕ್ಕಳಿಗೆ ಸಂಬಂಧಿಸಿದವು. ಮನೆ ಇಲ್ಲಿ ಮಹಾರಾಷ್ಟ್ರ, ಗೋವಾದಲ್ಲಿ, ಜಮೀನು ಕರ್ನಾಟಕದ ಊರಲ್ಲಿ; ಹೆರಿಗೆ ತವರಲ್ಲಿ, ಶಾಲೆ ಇಲ್ಲಿ. ಹಾಗಾಗಿ ಕಾನೂನು ಏನು ಹೇಳುತ್ತದೆ ಎನ್ನುವುದರ ಜೊತೆಗೆ ಯಾವ ಊರಿನ ಕಚೇರಿ, ಯಾವ ಊರಿನ ಕೋರ್ಟು ಎಂಬುದನ್ನೂ ಬರೆದಿದ್ದೇವೆ.

ಪ್ರಶ್ನೆ: ಕಳೆದ ವರ್ಷ ನನ್ನ ಗಂಡ ತೀರಿಕೊಂಡರು. ಡೊಂಬಿವ್ಲಿಯ ಫ್ಲ್ಯಾಟ್ ಅವರ ಹೆಸರಿನಲ್ಲಿದೆ, ಸ್ವಂತ ದುಡಿಮೆಯದು. ವಿಲ್ ಬರೆದಿಲ್ಲ. ಸೊಸೈಟಿಯಲ್ಲಿ ನಾಮಿನಿ ನಾನೇ. ಮಕ್ಕಳಿಗೆ 14 ಮತ್ತು 9 ವರ್ಷ. ಅತ್ತೆ ಕಾರ್ಕಳದಲ್ಲಿದ್ದಾರೆ. ಫ್ಲ್ಯಾಟ್ ಮಾರಿ ಉಡುಪಿಗೆ ಹೋಗಬೇಕೆಂದಿದ್ದೇನೆ. ನಾಮಿನಿಯಾಗಿರುವುದರಿಂದ ನಾನೊಬ್ಬಳೇ ಸಹಿ ಮಾಡಿದರೆ ಸಾಕು ಅಂತ ಏಜೆಂಟ್ ಹೇಳುತ್ತಾನೆ. ಹೌದೇ?
— ಓದುಗರೊಬ್ಬರು, ಡೊಂಬಿವ್ಲಿ

ಉತ್ತರ: ಅಲ್ಲ. ಏಜೆಂಟನ ಮಾತು ಕೇಳಿ ಟೋಕನ್ ಹಣ ತೆಗೆದುಕೊಳ್ಳಬೇಡಿ. ನಾಮಿನಿ ಎಂದರೆ ಸೊಸೈಟಿ ಯಾರ ಜೊತೆ ವ್ಯವಹರಿಸಬೇಕು ಎಂಬುದಕ್ಕೆ ಒಂದು ಹೆಸರು, ಅಷ್ಟೇ. ಸೊಸೈಟಿ ಶೇರ್ ಸರ್ಟಿಫಿಕೇಟ್ ಮೇಲೆ ನಿಮ್ಮ ಹೆಸರು ಬರೆದುಕೊಟ್ಟರೂ ಒಡೆತನ ಹೋಗುವುದು ವಾರಸುದಾರರಿಗೆ.

ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತೀರಿಕೊಂಡವರ ತಾಯಿ. ಈ ಕೊನೆಯ ಹೆಸರನ್ನು ಜನ ಮರೆಯುತ್ತಾರೆ. ನಿಮ್ಮಲ್ಲಿ ನಾಲ್ವರು ವಾರಸುದಾರರು, ತಲಾ ಕಾಲು ಪಾಲು. ಅಂದರೆ ಫ್ಲ್ಯಾಟಿನ ಅರ್ಧ ನಿಮ್ಮ ಮಕ್ಕಳದು. ತಾಯಿಯಾಗಿ ನೀವು ಅವರ ಸಹಜ ಪೋಷಕಿ ನಿಜ. ಆದರೆ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮು ಅಪ್ರಾಪ್ತರ ಸ್ಥಿರಾಸ್ತಿಯನ್ನು ಕೋರ್ಟಿನ ಮುಂಗಡ ಅನುಮತಿಯಿಲ್ಲದೆ ಮಾರುವುದಕ್ಕಾಗಲಿ, ಅಡವಿಡುವುದಕ್ಕಾಗಲಿ, ದಾನ ಕೊಡುವುದಕ್ಕಾಗಲಿ ಬಿಡುವುದಿಲ್ಲ. ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲೀಸ್ ಕೊಡುವುದಕ್ಕೂ ಇದೇ ಕಟ್ಟು. ಮಕ್ಕಳ ಪರವಾಗಿ ಹಕ್ಕುಬಿಡುಗಡೆ ಪತ್ರಕ್ಕೆ ನೀವೇ ಸಹಿ ಹಾಕಿ ಎಲ್ಲವನ್ನೂ ನಿಮ್ಮ ಹೆಸರಿಗೆ ಮಾಡಿಕೊಳ್ಳುವ ಒಳದಾರಿಯನ್ನೂ ಕೆಲವರು ತೋರಿಸುತ್ತಾರೆ. ಅದೂ ಇದೇ ಕಲಮಿಗೆ ಸಿಕ್ಕಿಬೀಳುತ್ತದೆ.

ಅನುಮತಿಯಿಲ್ಲದೆ ಮಾರಿದರೆ ಏನಾಗುತ್ತದೆ? ಮಾರಾಟ ಅಲ್ಲಿಗಲ್ಲಿಗೇ ಬಿದ್ದುಹೋಗುವುದಿಲ್ಲ. ಆದರೆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಿ ಅದನ್ನು ರದ್ದು ಮಾಡಿಸಬಹುದು. ನಿಮ್ಮ ಕಿರಿಯ ಮಗುವಿಗೆ 21 ತುಂಬುವ ತನಕ, ಅಂದರೆ ಇನ್ನು 12 ವರ್ಷ ಕೊಳ್ಳುವವನ ತಲೆಯ ಮೇಲೆ ಈ ತೂಗುಕತ್ತಿ. ಹಾಗಾಗಿಯೇ ಕೊಳ್ಳುವವನ ಬ್ಯಾಂಕು ಕೋರ್ಟಿನ ಆದೇಶ ನೋಡದೆ ಸಾಲ ಕೊಡುವುದಿಲ್ಲ, ವ್ಯವಹಾರ ಅರ್ಧದಲ್ಲೇ ನಿಲ್ಲುತ್ತದೆ, ಟೋಕನ್ ಹಣದ ಜಗಳ ಶುರುವಾಗುತ್ತದೆ.

ಅರ್ಜಿ ಹಾಕಬೇಕಾದದ್ದು ಆಸ್ತಿ ಇರುವ ಜಾಗದ ಜಿಲ್ಲಾ ನ್ಯಾಯಾಲಯಕ್ಕೆ. ಡೊಂಬಿವ್ಲಿ ಥಾಣೆ ಜಿಲ್ಲೆಗೆ ಸೇರಿದ್ದರಿಂದ ಉಡುಪಿಯಲ್ಲಿ ಹಾಕಿದರೆ ನಡೆಯದು. ಮರಣ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಖರೀದಿ ಕರಾರು ಮತ್ತು ಅದರ ಇಂಡೆಕ್ಸ್-2 (ನೋಂದಣಿಯ ಸಾರಾಂಶ ಪತ್ರ), ಶೇರ್ ಸರ್ಟಿಫಿಕೇಟ್, ಸೊಸೈಟಿಯ ಬಾಕಿ ಇಲ್ಲವೆಂಬ ಪತ್ರ, ಗೃಹಸಾಲವಿದ್ದರೆ ಬಾಕಿಯ ವಿವರ, ನೋಂದಾಯಿತ ಮೌಲ್ಯಮಾಪಕರ ವರದಿ ಇವನ್ನು ಜೋಡಿಸಿಕೊಳ್ಳಿ. ಮೌಲ್ಯಮಾಪನ ವರದಿಯಲ್ಲಿ ಜಿಪುಣತನ ಬೇಡ. ಮಕ್ಕಳ ಪಾಲು ಅಗ್ಗಕ್ಕೆ ಹೋಗುತ್ತಿಲ್ಲ ಎಂದು ಕೋರ್ಟಿಗೆ ತೋರಿಸುವ ಕಾಗದ ಅದೊಂದೇ.

ಅವಶ್ಯಕತೆ ಅಥವಾ ಮಗುವಿಗೆ ಎದ್ದುಕಾಣುವ ಲಾಭ, ಇವೆರಡರಲ್ಲಿ ಒಂದಿದ್ದರೆ ಮಾತ್ರ ಅನುಮತಿ ಸಿಗುತ್ತದೆ. "ಊರಿಗೆ ಹೋಗಬೇಕು" ಎಂದಷ್ಟೇ ಬರೆದರೆ ಸಾಲದು. ಉಡುಪಿಯಲ್ಲಿ ಯಾವ ಶಾಲೆ, ಫೀಸು ಎಷ್ಟು, ಇಲ್ಲಿ ಇಎಂಐ ಎಷ್ಟು, ನಿಮ್ಮ ಆದಾಯವೆಷ್ಟು ಎಂದು ಅಂಕಿಗಳಲ್ಲಿ ಹೇಳಿ. ಮಕ್ಕಳ ಪಾಲಿನ ಹಣವನ್ನು ಅವರು 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು, ಕೇಳದೆ ಮುರಿಯಬಾರದು ಎಂಬ ಷರತ್ತು ಸಾಮಾನ್ಯ. ಅದರ ಬಡ್ಡಿ ಶಾಲೆಯ ಖರ್ಚಿಗೆ ಬೇಕಿದ್ದರೆ ಅರ್ಜಿಯಲ್ಲೇ ಕೇಳಿಕೊಳ್ಳಿ, ಆಮೇಲೆ ಕೇಳಲು ಹೋದರೆ ಇನ್ನೊಂದು ಅರ್ಜಿಯಾಗುತ್ತದೆ. ಆ ಹಣದಿಂದ ಉಡುಪಿಯಲ್ಲಿ ಮನೆ ಕೊಳ್ಳುವ ಯೋಚನೆಯಿದ್ದರೆ ಅದನ್ನೂ ಮೊದಲೇ ಹೇಳಿ, ಹೊಸ ಕ್ರಯಪತ್ರದಲ್ಲಿ ಮಕ್ಕಳ ಹೆಸರು ಸೇರಿಸುವುದಾಗಿ ಒಪ್ಪಿಕೊಳ್ಳಿ.

ಅತ್ತೆಯವರು ಪ್ರಾಪ್ತರು. ಕ್ರಯಪತ್ರಕ್ಕೆ ಅವರೂ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಡಬೇಕು. ಪ್ರಯಾಣ ಆಗದಿದ್ದರೆ ಕಾರ್ಕಳದ ಉಪನೋಂದಣಿ ಕಚೇರಿಯಲ್ಲಿ ಮುಕ್ತಿಯಾರು ಪತ್ರ ಮಾಡಿಕೊಡಬಹುದು. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಪ್ರಶ್ನೆ: ವಿಜಯಪುರ ಜಿಲ್ಲೆಯಲ್ಲಿ ಅಜ್ಜನ ಕಾಲದ ಹೊಲ ಐತಿ, ಇನ್ನೂ ವಾಟ್ನಿ ಆಗಿಲ್ಲ. ಅಪ್ಪ, ನಾನು, ನನ್ನ 12 ವರ್ಷದ ಮಗ. ಮಾರಬೇಕಂದ್ರ ಮಗನ ಸಲುವಾಗಿ ಕೋರ್ಟಿಗೆ ಹೋಗಬೇಕೇನು?
— ಓದುಗರೊಬ್ಬರು, ಭೋಸರಿ

ಉತ್ತರ: ಮೇಲಿನ ಉತ್ತರ ಓದಿ ಗಾಬರಿಯಾಗಬೇಡಿ, ನಿಮ್ಮದು ಬೇರೆ. ಪಾಲಾಗದ ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ರಾಪ್ತನಿಗಿರುವ ಅವಿಭಕ್ತ ಹಿತಕ್ಕೆ 8ನೇ ಕಲಮಿನ ಅನುಮತಿ ಬೇಕಿಲ್ಲ. ಮನೆತನದ ಕರ್ತ, ಅಂದರೆ ನಿಮ್ಮ ತಂದೆ, ಕುಟುಂಬದ ಅವಶ್ಯಕತೆಗಾಗಿ ಮಾರಬಹುದು. ಸಾಲ ತೀರಿಸುವುದೋ, ಮದುವೆಯೋ, ಆಸ್ಪತ್ರೆಯೋ, ಆ ಕಾರಣವನ್ನು ಕ್ರಯಪತ್ರದಲ್ಲಿ ಬರೆಯಿಸಿ, ರಸೀದಿಗಳನ್ನು ಇಟ್ಟುಕೊಳ್ಳಿ. ಮಗ ದೊಡ್ಡವನಾಗಿ ತಕರಾರು ತೆಗೆದರೆ ಕೋರ್ಟು ಕೇಳುವುದು ಅವನ್ನೇ. ನಿಮ್ಮ ಅಕ್ಕತಂಗಿಯರನ್ನು ಪತ್ರದಲ್ಲಿ ಹೇಳಿಲ್ಲ. ಇದ್ದರೆ, 2005ರ ತಿದ್ದುಪಡಿಯಿಂದ ಅವರಿಗೂ ನಿಮ್ಮಷ್ಟೇ ಪಾಲಿದೆ. ಮದುವೆಯಾಗಿ ಹೋಗಿದ್ದಾರೆ ಎಂಬ ಮಾತು ನಡೆಯುವುದಿಲ್ಲ. ಹಾಗೆಯೇ, ವಾಟ್ನಿಯಾಗಿ ಉತಾರದಲ್ಲಿ (ಪಹಣಿಯಲ್ಲಿ) ಮಗನ ಹೆಸರಿಗೇ ಪ್ರತ್ಯೇಕವಾಗಿ ಹೊಲ ಬಂದ ದಿನದಿಂದ ನಿಮಗೂ ಕೋರ್ಟಿನ ಅನುಮತಿ ಬೇಕು. ಅದೂ ಆ ಜಿಲ್ಲೆಯ ಕೋರ್ಟಿನಿಂದ, ಪುಣೆಯದರಿಂದಲ್ಲ.

ಪ್ರಶ್ನೆ: ಮಗನಿಗೆ 16. ಕಾಲೇಜು ಮನೆಯಿಂದ 9 ಕಿಲೋಮೀಟರ್. ಗೇರ್ ಇಲ್ಲದ ಸ್ಕೂಟರಿಗೆ 16ಕ್ಕೇ ಲೈಸೆನ್ಸ್ ಸಿಗುತ್ತದಂತೆ. ನನ್ನ 110 ಸಿಸಿ ಸ್ಕೂಟರ್ ಕೊಡಬಹುದೇ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಕೊಡಬಾರದು. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಅಂಥ ಗಾಡಿ ಈಗ ಷೋರೂಮಿನಲ್ಲಿ ಸಿಗುವುದೇ ಕಷ್ಟ. ಆ ಲೈಸೆನ್ಸ್ ಹಿಡಿದು 110 ಸಿಸಿ ಓಡಿಸಿದರೆ ಲೈಸೆನ್ಸೇ ಇಲ್ಲದ ಲೆಕ್ಕ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮನ್ನು ಓದುವ ತಂದೆ ತಾಯಂದಿರು ಕಡಿಮೆ. ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕ ಅಥವಾ ಗಾಡಿಯ ಮಾಲೀಕನೇ ತಪ್ಪಿತಸ್ಥ: ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲರ್ನರ್ ಲೈಸೆನ್ಸೂ ಇಲ್ಲ. "ನನಗೆ ಗೊತ್ತಿಲ್ಲದೆ ಕೀ ತೆಗೆದುಕೊಂಡು ಹೋದ" ಎಂದರೆ ಅದನ್ನು ನೀವೇ ಸಾಬೀತು ಮಾಡಬೇಕು. ನಿಮ್ಮ ಒಪ್ಪಿಗೆ ಇತ್ತೆಂದೇ ಕೋರ್ಟು ಊಹಿಸಿಕೊಳ್ಳುತ್ತದೆ. 2024ರ ಮೇ ತಿಂಗಳಲ್ಲಿ ನಿಮ್ಮ ಊರಿನ ಕಲ್ಯಾಣಿನಗರದಲ್ಲಿ ಇಬ್ಬರು ಎಂಜಿನಿಯರುಗಳ ಜೀವ ಹೋದ ಕಾರು ಪ್ರಕರಣದಲ್ಲಿ, ಓಡಿಸುತ್ತಿದ್ದನೆನ್ನಲಾದ 17ರ ಹುಡುಗನ ತಂದೆಯ ಮೇಲೂ ಕೇಸು ದಾಖಲಾದದ್ದು ನೆನಪಿರಬಹುದು. ಹುಡುಗನ ಜಾಮೀನಿಗೆ ಹಾಕಿದ 300 ಪದಗಳ ಪ್ರಬಂಧದ ಷರತ್ತಿನ ಬಗ್ಗೆಯೇ ಎಲ್ಲರೂ ಮಾತಾಡಿದರು, ತಂದೆಯ ಹೊಣೆಯ ಬಗ್ಗೆ ಮಾತಾಡಿದವರು ಕಡಿಮೆ.

ವಿಮೆಯ ಪೆಟ್ಟು ಬೇರೆ. ಗಾಯಾಳುವಿಗೆ ಕಂಪನಿ ಪರಿಹಾರ ಕೊಟ್ಟರೂ ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಲು ಕೋರ್ಟುಗಳು ಬಿಡುತ್ತವೆ.

ಒಂದು ದಾರಿಯಿದೆ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗದ, ಬ್ಯಾಟರಿ ಬಿಟ್ಟು 60 ಕೆಜಿ ಮೀರದ ಇ-ಸ್ಕೂಟರ್ ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ. ಲೈಸೆನ್ಸ್, ನೋಂದಣಿ ಬೇಡ. ಆದರೆ ಮೆಕ್ಯಾನಿಕ್ ಹತ್ತಿರ ವೇಗದ ಕಟ್ಟು ಬಿಚ್ಚಿಸಿದರೆ ಈ ವಿನಾಯಿತಿಯೂ ಹೋಯಿತು. ಹುಡುಗರು ಮೊದಲು ಮಾಡುವ ಕೆಲಸವೇ ಅದು.

ಪ್ರಶ್ನೆ: ಹೆಂಡತಿ ಎಂಟು ತಿಂಗಳ ಹಿಂದೆ 4 ವರ್ಷದ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯ ತವರಿಗೆ ಹೋದಳು, ಮಗಳನ್ನು ಅಲ್ಲೇ ಶಾಲೆಗೆ ಹಾಕಿದ್ದಾಳೆ. ಅಪಹರಣದ ದೂರು ಕೊಡಲು ಹೋದರೆ ಪೊಲೀಸರು ತೆಗೆದುಕೊಳ್ಳಲಿಲ್ಲ.
— ಓದುಗರೊಬ್ಬರು, ಪಿಂಪ್ರಿ-ಚಿಂಚ್ವಡ್

ಉತ್ತರ: ಪೊಲೀಸರು ಮಾಡಿದ್ದು ಸರಿ. ತಾಯಿಯೂ ಸಹಜ ಪೋಷಕಿ. ಕೋರ್ಟಿನ ಆದೇಶ ಮುರಿಯದ ಹೊರತು ಆಕೆ ಮಗಳನ್ನು ಕರೆದುಕೊಂಡು ಹೋದದ್ದು ಅಪಹರಣವಾಗುವುದಿಲ್ಲ. ಪಾಲನೆಯ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬೇಕು. ಎಂಟು ತಿಂಗಳಾಗಿದೆ, ಶಾಲೆಯೂ ಅಲ್ಲೇ ಎಂದಮೇಲೆ ಪುಣೆಯಲ್ಲಿ ಹಾಕಿದರೆ ಮೊದಲ ತಕರಾರು ಅದರ ಮೇಲೆಯೇ ಬರುತ್ತದೆ, ವರ್ಷ ಅದರಲ್ಲೇ ಕಳೆಯುತ್ತದೆ. ಎರಡು ರಾಜ್ಯಗಳ ನಡುವೆ ಕೇಸು ವರ್ಗಾಯಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ಹುಬ್ಬಳ್ಳಿಗೆ ರಾತ್ರಿ ಬಸ್ಸು ಹಿಡಿಯುವುದೇ ಅಗ್ಗ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಮೊದಲ ದಿನವೇ ಪೂರ್ತಿ ಪಾಲನೆಗೆ ಪಟ್ಟು ಹಿಡಿಯುವ ಬದಲು ಭೇಟಿಯ ಮಧ್ಯಂತರ ಅರ್ಜಿ ಹಾಕಿ. "ಭೇಟಿಗೆ ಅವಕಾಶ ಕೊಡಿ" ಎಂದು ಗಾಳಿಯಲ್ಲಿ ಕೇಳಬೇಡಿ. ತಿಂಗಳಿಗೆ ಎರಡು ಶನಿವಾರ ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತು, ವಾರಕ್ಕೆ ಎರಡು ವಿಡಿಯೊ ಕರೆ, ಬೇಸಿಗೆ ರಜೆಯಲ್ಲಿ ಅರ್ಧ ಎಂದು ಬರೆದು ಕೊಡಿ. ವಿವರವಿಲ್ಲದ ಆದೇಶದಿಂದ ಜಗಳ ಹುಟ್ಟುತ್ತದೆ.

ಮಗಳ ಖರ್ಚಿನ ಹಣ ಕಳಿಸುವುದನ್ನು ನಿಲ್ಲಿಸಬೇಡಿ, ಕೈಯಲ್ಲಿ ಕೊಡದೆ ಬ್ಯಾಂಕ್ ಮೂಲಕ ಹಾಕಿ. ಜೀವನಾಂಶಕ್ಕೆ ಹೆಂಡತಿ ಹುಬ್ಬಳ್ಳಿಯಲ್ಲೇ ಅರ್ಜಿ ಹಾಕಬಹುದು (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144). ಭೇಟಿಗೆ ಬಿಡುತ್ತಿಲ್ಲ ಎಂಬ ಸಿಟ್ಟಿಗೆ ಹಣ ನಿಲ್ಲಿಸಿದವರ ಭೇಟಿಯ ಅರ್ಜಿಯೂ ದುರ್ಬಲವಾಗುತ್ತದೆ.

ಪ್ರಶ್ನೆ: ಥಾಣೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಣ್ಣನ ಮಗ 15 ವರ್ಷದವನು, ಎಸ್ಸೆಸ್ಸೆಲ್ಸಿ ಫೇಲಾಗಿ ಕುಂದಾಪುರದಿಂದ ಬರುತ್ತೇನೆ ಅನ್ನುತ್ತಾನೆ. ಕೆಲಸಕ್ಕೆ ಇಟ್ಟುಕೊಳ್ಳಬಹುದೇ? ನನ್ನ 12ರ ಮಗಳು ಸಂಜೆ ಗಲ್ಲಾದಲ್ಲಿ ಕೂರುತ್ತಾಳೆ, ಅದಕ್ಕೂ ತೊಂದರೆಯೇ?
— ಓದುಗರೊಬ್ಬರು, ಥಾಣೆ

ಉತ್ತರ: ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಕಥೆ ಮುಂಬೈ ಕನ್ನಡಿಗರಿಗೆ ಹೆಮ್ಮೆಯದು. ಈಗ ಹಾಗೆ ಮಾಡಿದರೆ ಮಾಲೀಕ ಕಟಕಟೆ ಹತ್ತುತ್ತಾನೆ. 14ರೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರದಿಂದಲೇ ನಿಷಿದ್ಧ; 2016ರ ತಿದ್ದುಪಡಿಯ ನಂತರ ಎಲ್ಲ ಉದ್ಯೋಗಕ್ಕೂ ನಿಷೇಧ ಬಂತು.

14ರಿಂದ 18ರವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಆದರೆ ಗಂಟೆಗಳ ಲೆಕ್ಕ ನೋಡಿ: ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು, ಬಿಡುವು ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಓವರ್‌ಟೈಮ್ ಇಲ್ಲ, ವಾರಕ್ಕೊಂದು ಪೂರ್ತಿ ರಜೆ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ. ಬೆಳಗಿನ ಇಡ್ಲಿಯ ಹೊತ್ತು, ರಾತ್ರಿ ಊಟದ ಗದ್ದಲ ಎರಡೂ ಹೊರಗಾದವು. ವಯಸ್ಸಿನ ದಾಖಲೆ ಮತ್ತು ಕೆಲಸದ ವೇಳೆಯ ರಿಜಿಸ್ಟರ್ ಹೋಟೆಲಿನಲ್ಲೇ ಇರಬೇಕು. ಗ್ಯಾಸ್ ಒಲೆ, ಎಣ್ಣೆ ಬಾಣಲೆಯ ಹತ್ತಿರ ಅವನನ್ನು ಬಿಡಲೇಬೇಡಿ. ನಮ್ಮನ್ನು ಕೇಳಿದರೆ, ಹುಡುಗ ಊರಲ್ಲೇ ನಿಂತು ಪರೀಕ್ಷೆ-2 ಬರೆಯಲಿ, ಅಥವಾ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹೆಸರು ಹಚ್ಚಲಿ.

ಮಗಳದು ಬೇರೆ. ಮನೆಯ ಉದ್ಯಮದಲ್ಲಿ ಶಾಲೆ ಬಿಟ್ಟ ಮೇಲೆ ಕೈಜೋಡಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ದಿನಕ್ಕೆ ಮೂರು ಗಂಟೆ ಮೀರಬಾರದು, ಸಂಜೆ 7ಕ್ಕೆ ಗಲ್ಲಾ ಬಿಡಬೇಕು, ಅವಳು ಒಬ್ಬ ಕ್ಯಾಷಿಯರನ ಜಾಗ ತುಂಬುವಂತಾಗಬಾರದು. 14ರೊಳಗಿನ ಮಗುವನ್ನು ದುಡಿಸಿದ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಪ್ರಶ್ನೆ: ನಾದಿನಿ ತನ್ನ 17 ವರ್ಷದ ಮಗಳ ಮದುವೆಯನ್ನು ಕಲಬುರಗಿಯ ಹಳ್ಳಿಯಲ್ಲಿ ಗುಟ್ಟಾಗಿ ಮಾಡುತ್ತಿದ್ದಾಳೆ. ಆರು ತಿಂಗಳಲ್ಲಿ 18 ಆಗುತ್ತದಲ್ಲ ಅನ್ನುತ್ತಾಳೆ.
— ಓದುಗರೊಬ್ಬರು, ಮುಂಬೈ

ಉತ್ತರ: ಆರು ದಿನ ಕಡಿಮೆಯಿದ್ದರೂ ಅಪರಾಧವೇ. ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಪುರೋಹಿತರೂ ಇದರಲ್ಲಿ ಬರುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಹಳ್ಳಿ, ತಾಲೂಕು, ಮುಹೂರ್ತದ ದಿನ ತಿಳಿಸಿ.

ಪ್ರಶ್ನೆ: ಮಗ 2019ರಲ್ಲಿ ಗದಗದ ತವರಿನಲ್ಲಿ ಹುಟ್ಟಿದ. ಜನನ ಪ್ರಮಾಣಪತ್ರದಲ್ಲಿ ಅವನ ಹೆಸರಿಲ್ಲ, ನನ್ನದು ಮದುವೆಗೆ ಮುಂಚಿನ ಹೆಸರು. ವಾಸ್ಕೋ ಪುರಸಭೆಯವರು ನಮ್ಮಿಂದ ಆಗದು ಅಂದರು.
— ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಜನನ ನೋಂದಣಿ ಹುಟ್ಟಿದ ಜಾಗದ್ದು, ತಿದ್ದುವವರೂ ಅಲ್ಲಿನವರೇ. ಪ್ರಮಾಣಪತ್ರದ ಕೆಳಗೆ ಯಾವ ನೋಂದಣಾಧಿಕಾರಿಯ ಮೊಹರಿದೆಯೋ ಅವರಲ್ಲಿಗೇ ಹೋಗಿ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ; ಆ ಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ನಿಮಗೆ ಇನ್ನೂ ಕಾಲವಿದೆ. ಅಷ್ಟರಲ್ಲಿ ಶಾಲೆಯವರು ವಯಸ್ಸಿನ ದಾಖಲೆ ಇಲ್ಲವೆಂದು ಸೀಟು ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ನೋಡಲು ಹೇಳಿ.

ತವರಿನ ಹೆಸರು ತಪ್ಪಲ್ಲ, ಅದನ್ನು ತಿದ್ದಿಸುವ ಗೋಜಿಗೆ ಹೋಗಬೇಡಿ. ಪಾಸ್‌ಪೋರ್ಟಿನಂಥ ಕಡೆ ಜೊತೆಗೆ ಮದುವೆಯ ನೋಂದಣಿ ಪತ್ರ ಇಡಿ. ಆದರೆ ಮಗನ ಹೆಸರನ್ನು ಬರೆಯಿಸುವ ಮುಂಚೆ ಯೋಚಿಸಿ: ಊರಿನ ರೂಢಿಯಂತೆ ಇನಿಷಿಯಲ್ ಹಾಕಿದರೆ ಗೋವಾದ ಶಾಲೆಯ ಫಾರಂನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಉಳಿಯುತ್ತದೆ, ಯಾರೋ ಗುಮಾಸ್ತ ಅಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ತುಂಬುತ್ತಾನೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬಿಡಿಸಿ, ಆಧಾರಿನಲ್ಲಿರುವ ಇಂಗ್ಲಿಷ್ ಅಕ್ಷರಗಳಿಗೆ ಹೊಂದುವಂತೆ ಕಾಗದದ ಮೇಲೆ ಬರೆದುಕೊಂಡು ಹೋಗಿ. ಒಮ್ಮೆ ಸೇರಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭವಲ್ಲ.