ನಟ್ಟು ಬಂತು, ಬೋಲ್ಟು ಬರಲಿಲ್ಲ

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆಯ ಜೀಪಿನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಸೋರುತ್ತಿದೆ. ಹೊಸ ಜೋಡಿ ತಂದು ನಾನೇ ಹಾಕಲು ಕೂತೆ. ಮೇಲಿನ ತುದಿ ಎರಡೂ ಬಿಚ್ಚಿದವು. ಕೆಳಗೆ ಎಡಗಡೆ ನಟ್ಟು ಬಂತು, ಬೋಲ್ಟು ಹೊರಗೆ ಬರುತ್ತಿಲ್ಲ. ಬಲಗಡೆ ನಟ್ಟೇ ಬಿಡುತ್ತಿಲ್ಲ, ಅದರ ಮೂಲೆ ಸವೆಯುತ್ತಿದೆ. ಗ್ಯಾಸ್ ಹಚ್ಚಿ ಕಾಯಿಸಿ ಅಂತ ಪರಿಚಯದವರು ಹೇಳುತ್ತಾರೆ. ಕಾಯಿಸಬಹುದಾ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಕಾಯಿಸಬೇಡಿ. ಶಾಕ್ ಅಬ್ಸಾರ್ಬರ್ ಅಂದರೆ ಎರಡೂ ಕಡೆ ಮುಚ್ಚಿದ ಕೊಳವೆ. ಒಳಗೆ ಎಣ್ಣೆ ಇರುತ್ತದೆ, ಎಷ್ಟೋ ಶಾಕ್‌ಗಳಲ್ಲಿ ಒತ್ತಿ ತುಂಬಿದ ಗ್ಯಾಸೂ ಇರುತ್ತದೆ. ಪಕ್ಕದಲ್ಲಿ ಬೆಂಕಿ ಹಿಡಿದರೆ ಅದು ಸಿಡಿಯಬಹುದು. ನಿಮ್ಮದು ಬೇರೆ ಸೋರುತ್ತಿದೆ, ಮೈಗೆ ಮೆತ್ತಿದ ಎಣ್ಣೆಗೆ ಬೆಂಕಿ ಹತ್ತೀತು. ಬ್ರೇಕಿನ ರಬ್ಬರ್ ಪೈಪೂ ಅಲ್ಲೇ ಹತ್ತಿರ ಇದೆ. ಬೇರೆ ಕಡೆ ಹಿಡಿದ ನಟ್ಟನ್ನು ನಾನೂ ಕಾಯಿಸಿ ಬಿಚ್ಚಿದ್ದೇನೆ. ಶಾಕ್ ಹತ್ತಿರ ಮಾತ್ರ ಎಂದೂ ಇಲ್ಲ.

ನಿಮ್ಮ ಎರಡು ಬೋಲ್ಟಿನ ತೊಂದರೆ ಒಂದೇ ಅಲ್ಲ. ಬಲಗಡೆ ತುಕ್ಕು ಥ್ರೆಡ್‌ನಲ್ಲಿದೆ. ಎಡಗಡೆ ಅದು ಬುಶ್ ಒಳಗಿದೆ. ಶಾಕಿನ ಕೆಳತುದಿಯ ಬಳೆಗೆ ಕಣ್ಣು ಅನ್ನುತ್ತೇವೆ. ಆ ಕಣ್ಣಿನಲ್ಲಿ ರಬ್ಬರ್ ಬುಶ್, ರಬ್ಬರಿನ ನಡುವೆ ಕಬ್ಬಿಣದ ಸಣ್ಣ ಕೊಳವೆ, ಅದರೊಳಗೆ ಬೋಲ್ಟು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಕೊಳವೆ ಒಳಗೆ ಆ ಜಾಗ ಇಲ್ಲ. ಹಾಗಾಗಿ ಬೋಲ್ಟೂ ಕೊಳವೆಯೂ ಒಂದೇ ತುಂಡಿನ ಹಾಗೆ ಕಚ್ಚಿಕೊಳ್ಳುತ್ತವೆ. ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿ ನೋಡಿ. ತಿರುಗಿದ ಹಾಗೆ ಆಗಿ, ಕೈ ಸಡಿಲ ಬಿಟ್ಟ ಕೂಡಲೇ ಹಿಂದಕ್ಕೆ ಎಳೆದುಕೊಂಡರೆ ಇದೇ ತೊಂದರೆ. ಹಾಗೆ ಎಳೆಯುವುದು ರಬ್ಬರು.

ತೋಟದ ಗಾಡಿಗಳಲ್ಲಿ ಇದು ಜಾಸ್ತಿ. ಮಳೆ, ಕೆಸರು ಸರಿ, ಆದರೆ ಅದೊಂದೇ ಅಲ್ಲ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ ಅಲ್ವಾ? ಹರಿದ ಚೀಲದಿಂದ ಉದುರಿದ್ದು ನೆನೆದು ಕೆಳಗಿಳಿದರೆ ಕಬ್ಬಿಣಕ್ಕೆ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಕೆಲವು ವರ್ಷದ ಹಿಂದೆ ಆಲ್ದೂರು ಕಡೆಯ ಜೀಪೊಂದು ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಬಂದಿತ್ತು. ಮಳೆಗೆ ಮುಂಚೆ ಗಿಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯಲು ಮೈಲುತುತ್ತದ ನೀರಿನ ಡ್ರಮ್ಮನ್ನು ಅದರಲ್ಲೇ ಸಾಗಿಸುತ್ತಿದ್ದರು. ಕೆಳಗಿನ ನಟ್ಟಿಗೆ ವೈರ್ ಬ್ರಷ್ ಹಾಕಿ ಉಜ್ಜಿದೆ. ಕೆಸರಿನ ಪದರ ಉದುರಿತು, ಅದರಡಿಯ ಕಪ್ಪು ಉದುರಿತು, ಆಮೇಲೆ ನಟ್ಟು ಹಳೆಯ ಹಂಡೆಯ ಹಾಗೆ ಕೆಂಪಗೆ ಹೊಳೆಯಿತು. ಅದು ತಾಮ್ರ. ಸುಣ್ಣ ಬೆರೆಸದ ಮೈಲುತುತ್ತದ ನೀರು ಕಬ್ಬಿಣವನ್ನು ತಿಂದು ಆ ಜಾಗದಲ್ಲಿ ತಾಮ್ರ ಕೂರಿಸುತ್ತದೆ. ಅದನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕಲಸಬಾರದು ಅನ್ನುವುದು ಅದಕ್ಕೇ. ಡ್ರಮ್ ಚೆಲ್ಲಿದ ದಿನವೇ ಜೀಪಿನ ಅಡಿಗೆ ನಾಲ್ಕು ಕೊಡ ನೀರು ಹೊಡೆಯಿರಿ.

ಈಗ ಬಲಗಡೆಯ ನಟ್ಟು. ಜೀಪಿನ ಅಡಿಯಲ್ಲಿ ಜಾಗ ಇದೆ, ಜಾಕ್ ಬೇಡ. ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಗೇರ್‌ನಲ್ಲಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ಮಣ್ಣಿನ ಮೇಲೆ ಸುರಿದ ಎಣ್ಣೆ ಮಣ್ಣಿಗೆ ಹೋಗುತ್ತದೆ, ಥ್ರೆಡ್ಡಿಗೆ ಹೋಗುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಸಂಜೆ ಹಾಕಿ, ಬೆಳಿಗ್ಗೆ ಹಾಕಿ, ಮತ್ತೆ ಸಂಜೆ ಹಾಕಿ. ಪ್ರತಿ ಸಲ ನಟ್ಟಿನ ಪಕ್ಕಕ್ಕೆ ಸುತ್ತಿಗೆಯಿಂದ ಹತ್ತು ಹನ್ನೆರಡು ಸಣ್ಣ ಪೆಟ್ಟು ಕೊಡಿ. ಆ ಅದುರಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿ ಆಗುತ್ತದೆ. ಸೀಮೆಎಣ್ಣೆ, ಡೀಸೆಲ್ ಕೂಡ ಒಳಗಿಳಿಯುತ್ತವೆ, ಆದರೆ ನಿಧಾನ. ಐದು ವರ್ಷ ಕೂತು ಹಿಡಿದದ್ದು ಐದು ನಿಮಿಷಕ್ಕೆ ಬಿಡಲಿ ಅಂತ ಕೇಳಬೇಡಿ. ಎರಡು ದಿನ ಕೊಡಿ.

ಬಾಯಿ ತೆರೆದ ಸ್ಪ್ಯಾನರ್ ಎತ್ತಿಡಿ. ನಿಮ್ಮ ನಟ್ಟಿನ ಮೂಲೆ ತಿಂದದ್ದು ಅದೇ ಇರಬೇಕು. ಆರು ಮೂಲೆಯ ಸಾಕೆಟ್ ಹಾಕಿ. ಸರಿಯಾದ ಅಳತೆಯದು ಜಾರಿದರೆ ಅದಕ್ಕಿಂತ ಒಂದು ಅಳತೆ ಚಿಕ್ಕದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. 'ಕಿರ್' ಅಂತ ಸದ್ದಾಗಿ ಥ್ರೆಡ್ಡಿನಿಂದ ಕೆಂಪು ಪುಡಿ ಉದುರಿದರೆ ಗೆದ್ದಿರಿ. ಆಗ ಅವಸರ ಬೇಡ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ಬಿಗಿ ಮಾಡಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಸದ್ದಿಲ್ಲದೆ ಮೆತ್ತಗೆ ತಿರುಗಿದ ಹಾಗೆ ಕೈಗೆ ಅನಿಸಿದರೆ ಬೋಲ್ಟು ತಿರುಚಿಕೊಳ್ಳುತ್ತಿದೆ ಅಂತ ಅರ್ಥ, ಇನ್ನೊಂದು ಎಳೆತಕ್ಕೆ ತುಂಡಾಗುತ್ತದೆ. ಸ್ಪ್ಯಾನರನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ನೂಕಬೇಡಿ. ಕೆಲಸ ಕಲಿಯುವ ಹೊತ್ತಿನಲ್ಲಿ ನಾನು ನೂಕಿದ್ದೆ. ನಟ್ಟು ತಟ್ಟನೆ ಬಿಟ್ಟು, ಕೈ ಹೋಗಿ ಚಾಸಿಗೆ ಬಡಿಯಿತು. ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಗುರುತು ಇವತ್ತಿಗೂ ಇದೆ.

ಎಡಗಡೆಯದಕ್ಕೆ ಇಷ್ಟು ಸಾಹಸ ಬೇಡ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ವಾಪಸ್ ಹಾಕಿ, ಅದರ ಮೇಲೆ ಭಾರದ ಸುತ್ತಿಗೆಯಿಂದ ನೇರ ಪೆಟ್ಟು ಕೊಡಿ. ನಟ್ಟು ಇಲ್ಲದೆ ಹೊಡೆದರೆ ತುದಿ ಅಣಬೆಯ ಹಾಗೆ ಅರಳಿ ತೂತಿನಿಂದ ದಾಟುವುದಿಲ್ಲ. ಎಂಟು ಹತ್ತು ಪೆಟ್ಟಿಗೂ ಕದಲದಿದ್ದರೆ ಕೊಯ್ದುಬಿಡಿ. ಹಳೆಯ ಶಾಕ್ ಹೇಗೂ ಗುಜರಿಗೆ ಹೋಗುವುದು, ಬೋಲ್ಟೂ ಹೊಸದು ಬರುತ್ತದೆ. ಶಾಕಿನ ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ಹಾಕಿ ಎರಡೂ ಕಡೆ ಕೊಯ್ಯಿರಿ. ಗ್ರೈಂಡರ್ ಬೇಡ, ಕಿಡಿ ಹಾರುತ್ತದೆ. ಬ್ರಾಕೆಟ್ಟಿನ ಕಿವಿಗೆ ಬ್ಲೇಡ್ ತಾಗದಿರಲಿ, ಶಾಕಿನ ಕೊಳವೆಗಂತೂ ತಾಗಲೇಬಾರದು. ಬೋಲ್ಟಿನ ಬದಲು ಬ್ರಾಕೆಟ್ಟಿಗೇ ಕೂರಿಸಿದ ಪಿನ್ ಇರುವ ಜೀಪುಗಳೂ ಇವೆ. ಅಲ್ಲಿ ಪಿನ್ ಕೊಯ್ಯಬೇಡಿ, ಬುಶ್ಶನ್ನೇ ಸೀಳಿ ತೆಗೆಯಿರಿ.

ಹೊಸ ಬೋಲ್ಟಿನ ತಲೆಯ ಮೇಲೆ 8.8 ಅಂತ ಅಚ್ಚಾಗಿರಲಿ, ಅದು ಬೋಲ್ಟಿನ ಗಟ್ಟಿತನದ ಗುರುತು. ದಪ್ಪ, ಉದ್ದ ಹಳೆಯದರಷ್ಟೇ ಇರಬೇಕು. ಹಾಕುವಾಗ ಮೈಗೆಲ್ಲ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವವರಿಗೆ ಅಷ್ಟೂ ಕಷ್ಟ ತಪ್ಪುತ್ತದೆ.

ಪ್ರಶ್ನೆ: ಹೊಸ ಶಾಕ್ ಹಾಕಿಸಿ ನಾಲ್ಕು ತಿಂಗಳಿಗೇ ಬುಶ್ ಹರಿದಿದೆ. ಮಾಲು ಕಳಪೆಯಾ?
– ಓದುಗರು, ಹಾಸನ

ಉತ್ತರ: ಇರಬಹುದು. ಆದರೆ ಹಾಕಿದ ರೀತಿಯನ್ನೂ ವಿಚಾರಿಸಿ. ಚಕ್ರ ನೇತಾಡುವಾಗಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ ಬುಶ್ ಒಳಗಿನ ಕೊಳವೆ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಗಾಡಿ ಇಳಿಸಿ, ಎರಡು ಸಲ ಮೇಲಿನಿಂದ ಅದುಮಿ, ಆಮೇಲೆ ಕೊನೆಯ ಬಿಗಿ ಕೊಡಬೇಕು.

ಪ್ರಶ್ನೆ: ಕಾರಿನ ಮುಂದಿನ ಶಾಕ್ ಬದಲಿಸುತ್ತಿದ್ದೇನೆ. ಬಾನೆಟ್ ಒಳಗೆ ಮೇಲಿರುವ ನಡುವಿನ ನಟ್ಟು ರಾಡ್ ಸಮೇತ ಸುಮ್ನೆ ಸುತ್ತುತ್ತಿದೆ. ರಾಡನ್ನು ಇಕ್ಕಳದಲ್ಲಿ ಹಿಡಿಯಲಾ?
– ಓದುಗರು, ಸಕಲೇಶಪುರ

ಉತ್ತರ: ದಯವಿಟ್ಟು ಕೈ ತೆಗೆಯಿರಿ. ಆ ನಟ್ಟು ಬಿಚ್ಚದೇ ಇದ್ದದ್ದು ನಿಮ್ಮ ಪುಣ್ಯ. ಹೆಚ್ಚಿನ ಕಾರುಗಳಲ್ಲಿ ಮುಂದಿನ ಶಾಕಿನ ಸುತ್ತ ದಪ್ಪ ಸ್ಪ್ರಿಂಗ್ ಇರುತ್ತದೆ. ಅದನ್ನು ಅದುಮಿ ಹಿಡಿದಿರುವುದೇ ಆ ನಟ್ಟು. ಬಿಟ್ಟುಕೊಂಡರೆ ಸ್ಪ್ರಿಂಗ್ ಹಾರಿ ಮುಖಕ್ಕೋ ಎದೆಗೋ ಬಡಿಯುತ್ತದೆ, ಜೀವ ಹೋಗಬಹುದು. ಈಗಾಗಲೇ ಒಂದೆರಡು ಸುತ್ತು ಸಡಿಲ ಆಗಿದ್ದರೆ ವಾಪಸ್ ಬಿಗಿ ಮಾಡಿ. ಬಿಚ್ಚಬೇಕಾದ್ದು ಅದರ ಸುತ್ತಲಿನ ಸಣ್ಣ ನಟ್ಟುಗಳನ್ನು ಮತ್ತು ಕೆಳಗೆ ಚಕ್ರದ ಪಕ್ಕದ ಬೋಲ್ಟುಗಳನ್ನು ಮಾತ್ರ. ಸ್ಪ್ರಿಂಗ್ ಸಮೇತ ಇಡೀ ಜೋಡಣೆಯನ್ನು ಕೆಳಗಿಳಿಸಿ, ಸ್ಪ್ರಿಂಗ್ ಅದುಮುವ ಸಾಧನ ಇರುವ ಗ್ಯಾರೇಜಿಗೆ ಒಯ್ಯಿರಿ. ಹೊಸದು ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಕೆಳಗಿನ ಬೋಲ್ಟು ಬಿಚ್ಚಿದಾಗ ಚಕ್ರದ ಓರೆ ಬದಲಾಗಿರುತ್ತದೆ.